ನಾರು ಬಿಡಿಸುವ ನೀರು



ಗಿಡಗಳಿಂದ ಬರುವ ನಾರಿನ ಬಗ್ಗೆ ಮಾತಾಡಬೇಕು ಎಂದಾಗ ನಮ್ಮ ಕಡೆ ಎಲ್ಲರ ಮನಸ್ಸೂ ಹತ್ತಿಯ ಕಡೆಗೆ ಓಡುತ್ತದೆ. ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿಯವರು 1972ರಲ್ಲಿ ಕೊಟ್ಟ ವರಲಕ್ಷ್ಮಿ ತಳಿ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುವ ಖಾದಿ ರಾಷ್ಟ್ರಧ್ವಜ, ಇವೆಲ್ಲ ನಮಗೆ ಹೆಮ್ಮೆಯ ಸಂಗತಿಗಳು. ಹತ್ತಿಯ ಬಗ್ಗೆ ಹೇಳುವವರು ಬಹಳ ಜನ ಇದ್ದಾರೆ. ನಾನು ಇವತ್ತು ಕಾಂಡದ ನಾರಿನ ಬಗ್ಗೆ, ಅದರಲ್ಲೂ ಸೆಣಬಿನ ಬಗ್ಗೆ ಹೇಳಲು ಬಂದಿದ್ದೇನೆ. ಮೊದಲೇ ಒಂದು ಮಾತು ಸ್ಪಷ್ಟಪಡಿಸಿಬಿಡುತ್ತೇನೆ. ನಮ್ಮ ರೈತರು ಹಸಿರೆಲೆ ಗೊಬ್ಬರಕ್ಕೆ ಬಿತ್ತಿ ಉಳುವ, ಹಳದಿ ಹೂ ಬಿಡುವ ಗಿಡಕ್ಕೂ ಸೆಣಬು ಎನ್ನುತ್ತಾರೆ, ಬಂಗಾಳದಿಂದ ಬರುವ ಗೋಣಿಚೀಲದ ನಾರಿಗೂ ಸೆಣಬು ಎನ್ನುತ್ತಾರೆ. ಇವೆರಡೂ ಬೇರೆ ಬೇರೆ ಕುಲದ ಗಿಡಗಳು. ಗೊಬ್ಬರದ ಗಿಡವನ್ನು ಹಳೇ ಮೈಸೂರಿನವರ ಮಾತಿನಂತೆ ಅಪ್ಸೆಣಬು ಎಂದೂ ಬಂಗಾಳದ ಗಿಡವನ್ನು ಬರೀ ಸೆಣಬು ಎಂದೂ ಕರೆಯುತ್ತೇನೆ.

ಹತ್ತಿಯ ಎಳೆ ಬೀಜದ ಮೇಲೆ ಬೆಳೆಯುತ್ತದೆ. ಕಾಯಿ ಒಡೆದರೆ ಸಾಕು, ಕೈಗೆ ಸಿಗುತ್ತದೆ. ಸೆಣಬು, ಪುಂಡಿ, ಅಪ್ಸೆಣಬು, ನಾರಿನ ಅಗಸೆ ಇವುಗಳಲ್ಲಿ ನಾರು ತೊಗಟೆಯೊಳಗೆ, ಕಡ್ಡಿಯ ಸುತ್ತ ಅಂಟಿಕೊಂಡಿರುತ್ತದೆ. ಅದನ್ನು ಹೊರತೆಗೆಯಲು ಗಿಡವನ್ನು ನೀರಿನಲ್ಲಿ ಕೊಳೆಹಾಕಬೇಕು, ಆ ನೀರಿಗೆ ಮನುಷ್ಯ ಇಳಿಯಬೇಕು. ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಸೆಣಬಿನ ನಾರಿನ ಮೇಲೆ ದೊಡ್ಡ ದೊಡ್ಡ ಊರುಗಳು ಎದ್ದವು, ಸಂಪತ್ತು ಬೆಳೆಯಿತು, ದೇಶಗಳ ರಾಜಕೀಯ ತಿರುಗಿತು. ನೂಲುವ ಹಂತಕ್ಕೆ, ನೇಯುವ ಹಂತಕ್ಕೆ, ಸಾಗಿಸುವ ಹಂತಕ್ಕೆ ಬಂಡವಾಳವೂ ಬಂತು, ಯಂತ್ರವೂ ಬಂತು. ಕೊಳೆಹಾಕುವ ಹಂತಕ್ಕೆ ಮಾತ್ರ ಎರಡೂ ಬಹುಮಟ್ಟಿಗೆ ಬರಲಿಲ್ಲ. ನಾರಿನ ಗುಣ ನಿರ್ಧಾರವಾಗುವುದು ಅಲ್ಲೇ. ರೈತನ ಕೈಗೆ ಬರುವ ಹಣ ನಿರ್ಧಾರವಾಗುವುದೂ ಅಲ್ಲೇ. ನಾನು ಇವತ್ತು ಹೇಳಬೇಕಾಗಿರುವುದು ಇದನ್ನೇ.

ಬಂಗಾಳದ ನದಿಯಾ, ಮುರ್ಷಿದಾಬಾದ್ ಜಿಲ್ಲೆಗಳಿಗೆ ಜುಲೈ ಕೊನೆಯಿಂದ ಸೆಪ್ಟೆಂಬರ್ ಒಳಗೆ ಹೋದವರಿಗೆ ಊರು ಕಣ್ಣಿಗೆ ಬೀಳುವ ಮೊದಲೇ ವಾಸನೆ ಬರುತ್ತದೆ. ಮಾರ್ಚ್‌ನಿಂದ ಮೇ ಒಳಗೆ ಬಿತ್ತಿದ ಗಿಡ ನೂರರಿಂದ ನೂರಿಪ್ಪತ್ತು ದಿನಗಳಲ್ಲಿ ಆಳಿಗಿಂತ ಬಹಳ ಎತ್ತರ, ಮೂರು ಮೀಟರಿನಷ್ಟು ಬೆಳೆದಿರುತ್ತದೆ. ಬುಡಕ್ಕೆ ಕೊಯ್ದು, ಕಟ್ಟು ಕಟ್ಟಿ, ಎಲೆ ಉದುರಲು ಹೊಲದಲ್ಲೇ ಎರಡು ಮೂರು ದಿನ ಬಿಡುತ್ತಾರೆ. ಎಲೆ ಮಣ್ಣಿಗೇ ಸೇರಿ ಮುಂದಿನ ಭತ್ತಕ್ಕೆ ಗೊಬ್ಬರವಾಗುತ್ತದೆ. ಆಮೇಲೆ ಕಟ್ಟುಗಳನ್ನು ಹಳ್ಳಕ್ಕೋ ಹೊಂಡಕ್ಕೋ ರಸ್ತೆಬದಿಯ ಕಾಲುವೆಗೋ ಹೊರುತ್ತಾರೆ. ಬುಡದ ತೊಗಟೆ ದಪ್ಪ, ತುದಿಯದು ತೆಳು. ಹೀಗಾಗಿ ಅನುಭವಸ್ಥರು ಕಟ್ಟುಗಳನ್ನು ಮೊದಲು ಮೊಣಕಾಲುದ್ದ ನೀರಿನಲ್ಲಿ ನೆಟ್ಟಗೆ ನಿಲ್ಲಿಸಿ ಬುಡ ಮೆತ್ತಗಾದ ಮೇಲೆ ಅಡ್ಡ ಮಲಗಿಸುತ್ತಾರೆ. ಒಂದರ ಮೇಲೊಂದು ಪದರ ಹಾಸಿದ ಈ ತೆಪ್ಪಕ್ಕೆ ಬಂಗಾಳಿಯಲ್ಲಿ ಜಾಕ್ ಎಂದು ಹೆಸರು. ಅದು ತೇಲಬಾರದು, ತಳದ ಕೆಸರಿಗೂ ತಾಗಬಾರದು. ಮೇಲೆ ಭಾರ ಹೇರಿ ಮುಳುಗಿಸಬೇಕು.

ಈ ಭಾರದ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕಲ್ಲಿಲ್ಲದ ನಾಡು ಅದು. ಗಂಗೆಯ ಮೆಕ್ಕಲು ಮಣ್ಣಿನಲ್ಲಿ ಒಂದು ಗುಂಡು ಹುಡುಕಿದರೂ ಸಿಗುವುದಿಲ್ಲ. ಕೈಗೆ ಸಿಗುವುದು ಹಸಿ ಮಣ್ಣಿನ ಹೆಂಟೆ, ಕಡಿದ ಬಾಳೆದಿಂಡು. ಅವನ್ನೇ ಹೇರುತ್ತಾರೆ. ಮಣ್ಣಿನ ಕಬ್ಬಿಣದ ಅಂಶ ಗಿಡದ ಒಗರಿನ ಜೊತೆ ಸೇರಿ ನಾರು ಕಪ್ಪಿಡುತ್ತದೆ. ಅಂಥ ನಾರನ್ನು ಪೇಟೆಯವರು ಶಾಮ್ಲಾ ಎಂದು ಕರೆದು ದರ ಇಳಿಸುತ್ತಾರೆ. ನಾಲ್ಕು ತಿಂಗಳು ಕಳೆ ಕಿತ್ತು ಬೆಳೆಸಿದ ಗಿಡದ ಬೆಲೆ ಕೊನೆಯ ಎರಡು ವಾರದಲ್ಲಿ ಒಂದು ಹೆಂಟೆ ಮಣ್ಣಿನಿಂದ ಬೀಳುತ್ತದೆ ಎನ್ನುವುದು ನನ್ನನ್ನು ಬಹಳವಾಗಿ ಕಾಡಿದೆ. ಸಿಮೆಂಟ್ ಚೀಲದಲ್ಲಿ ಮರಳು ತುಂಬಿ ಇಟ್ಟರೂ ತಪ್ಪುವ ನಷ್ಟ ಇದು.

ನೀರಿನೊಳಗೆ ನಡೆಯುವುದು ಬಹಳ ನಾಜೂಕಿನ ಕೆಲಸ. ನಾರಿನ ಕಟ್ಟುಗಳನ್ನು ಕಡ್ಡಿಗೂ ತೊಗಟೆಗೂ ಅಂಟಿಸಿಟ್ಟಿರುವುದು ಪೆಕ್ಟಿನ್ ಎಂಬ ಅಂಟು. ನೀರಿನ ಬ್ಯಾಕ್ಟೀರಿಯಾಗಳು ಮೊದಲು ಆ ಅಂಟನ್ನು ತಿನ್ನುತ್ತವೆ. ಇಟ್ಟಿಗೆಯನ್ನು ಮುಟ್ಟದೆ ನಡುವಿನ ಗಾರೆಯನ್ನಷ್ಟೇ ಕರಗಿಸಿದ ಹಾಗೆ. ಆದರೆ ಅಂಟು ಮುಗಿದ ಮೇಲೂ ಬಿಟ್ಟರೆ ಅವು ನಾರಿಗೇ ಬಾಯಿ ಹಾಕುತ್ತವೆ. ಬೇಗ ತೆಗೆದರೆ ಬುಡದಲ್ಲಿ ಗಟ್ಟಿ ತೊಗಟೆ ಉಳಿದುಕೊಳ್ಳುತ್ತದೆ, ತಡವಾಗಿ ತೆಗೆದರೆ ನಾರು ಸತ್ವ ಕಳೆದುಕೊಂಡು ಪಟ್ಟನೆ ಹರಿಯುತ್ತದೆ. ನೀರು ಬೆಚ್ಚಗಿದ್ದರೆ ಹತ್ತು ಹನ್ನೆರಡು ದಿನ, ತಣ್ಣಗಿದ್ದರೆ ಇಪ್ಪತ್ತಕ್ಕೂ ಮೇಲೆ. ಯಾವ ದಿನ ಸರಿ ಎಂದು ಹೇಳುವ ಉಪಕರಣ ಹಳ್ಳಿಯಲ್ಲಿ ಇಲ್ಲ. ಹತ್ತನೆಯ ದಿನದಿಂದ ರೈತ ದಿನಕ್ಕೊಮ್ಮೆ ನೀರಿಗಿಳಿದು ನಾಲ್ಕಾರು ಕಡ್ಡಿ ಎಳೆದು, ಹೆಬ್ಬೆರಳಿನಿಂದ ತೊಗಟೆ ಒತ್ತಿ ನೋಡುತ್ತಾನೆ. ನಾರು ಕಡ್ಡಿಯಿಂದ ಜಾರಿದರೆ ಕೂಲಿಯವರಿಗೆ ಹೇಳಿ ಕಳಿಸುತ್ತಾನೆ.

ಅವರು ಸೊಂಟದುದ್ದ ನೀರಿನಲ್ಲಿ ನಿಲ್ಲುತ್ತಾರೆ. ನೀರು ಕಪ್ಪಗಿರುತ್ತದೆ, ಆಮ್ಲಜನಕ ಕುಸಿದು ಮೀನು ಸತ್ತಿರುತ್ತದೆ. ಒಂದು ಹಿಡಿ ಕಡ್ಡಿಯ ಬುಡವನ್ನು ಮರದ ಕೊಡತಿಯಿಂದ ಬಡಿದು, ನಡುವೆ ಮುರಿದು, ನೀರಿನಲ್ಲಿ ಹಿಂದೆ ಮುಂದೆ ಝಾಡಿಸಿದರೆ ಕಡ್ಡಿ ಕಳಚಿ ತೇಲಿ ಹೋಗುತ್ತದೆ, ಕೈಯಲ್ಲಿ ಹೊನ್ನಿನ ಬಣ್ಣದ ಜಡೆ ಉಳಿಯುತ್ತದೆ. ಮೂರು ಮೀಟರು ಉದ್ದದ ಆ ಜಡೆಯನ್ನು ತೊಳೆದು, ಹಿಂಡಿ, ಬಿದಿರಿನ ಗಳದ ಮೇಲೆ ಹರವುತ್ತಾರೆ. ನೂರು ಕಿಲೊ ಹಸಿ ಗಿಡ ಹೊತ್ತರೆ ಸಿಗುವ ಒಣ ನಾರು ಐದಾರು ಕಿಲೊ. ದಿನವಿಡೀ ಹೀಗೆ ನಿಂತವರ ಕಾಲಿನ ಚರ್ಮ ನೆನೆದು ಬಿರಿಯುತ್ತದೆ, ತುರಿಕೆ ಹತ್ತುತ್ತದೆ. ಬಾಂಗ್ಲಾದೇಶದ ಕೆಲವು ಕಡೆ ದಂಡೆಯ ಮೇಲೆ ಕೂತು ನಾರು ಸುಲಿಯುವ ಹೆಂಗಸರಿಗೆ ಕೂಲಿ ಹಣದ ರೂಪದಲ್ಲಿ ಸಿಗುವುದೇ ಇಲ್ಲ. ಸುಲಿದ ಕಡ್ಡಿಯೇ ಅವರ ಕೂಲಿ. ಒಲೆಗೆ, ಬೇಲಿಗೆ, ಗೋಡೆಯ ತಡಿಕೆಗೆ, ವೀಳ್ಯದೆಲೆ ತೋಟದ ಚಪ್ಪರಕ್ಕೆ ಆ ಕಡ್ಡಿ ಬೇಕು. ಒಡಿಶಾದಲ್ಲಿ ದೀಪಾವಳಿಯ ಸಂಜೆ ಹಿರಿಯರನ್ನು ಕರೆಯಲು ಹಚ್ಚಿ ಎತ್ತಿ ಹಿಡಿಯುವುದು ಇದೇ ಸೆಣಬಿನ ಕಡ್ಡಿಯನ್ನು. ಬಂಗಾಳದ ಮನೆಗಳಲ್ಲಿ ಎಳೆಯ ಎಲೆ ಪಲ್ಯವಾಗುತ್ತದೆ, ಈಜಿಪ್ಟಿನಲ್ಲಿ ಅದೇ ಕುಲದ ಎಲೆ ಮುಲೂಖಿಯಾ ಎಂಬ ಹೆಸರಿನ ಸಾರಾಗುತ್ತದೆ.

ಈ ಜಡೆ ಲೋಕ ಸುತ್ತಿದ ಕಥೆ ಉದ್ದವಾದದ್ದು. ಅದರ ಕೆಲವು ತಿರುವುಗಳನ್ನಷ್ಟೇ ಹೇಳುತ್ತೇನೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಲ್ಕತ್ತಾದ ಸಸ್ಯೋದ್ಯಾನದ ಮುಖ್ಯಸ್ಥ ವಿಲಿಯಂ ರಾಕ್ಸ್‌ಬರೋ ಸೆಣಬಿನ ಮಾದರಿಯನ್ನು ಲಂಡನ್ನಿಗೆ ಕಳಿಸಿದ. ಸ್ಕಾಟ್ಲೆಂಡಿನ ಡಂಡೀ ಊರಿನವರು ಅಗಸೆ ನಾರು ನೂಲುವುದರಲ್ಲಿ ಪಳಗಿದವರು. ಸೆಣಬು ಅವರ ಯಂತ್ರಕ್ಕೆ ಒಗ್ಗಲಿಲ್ಲ, ಒರಟಾಗಿ ತುಂಡಾಗುತ್ತಿತ್ತು. ಅಗಸೆ ನಾರಿನಲ್ಲಿ ಲಿಗ್ನಿನ್ ಅಂದರೆ ಮರದ ಅಂಶ ಬಹಳ ಕಡಿಮೆ, ಸೆಣಬಿನಲ್ಲಿ ಅದು ಶೇಕಡಾ 12ರ ಆಸುಪಾಸು. ಡಂಡೀ ತಿಮಿಂಗಿಲ ಬೇಟೆಯ ಬಂದರೂ ಆಗಿತ್ತು. ತಿಮಿಂಗಿಲದ ಎಣ್ಣೆ ಮತ್ತು ನೀರು ಬೆರೆಸಿ ನಾರಿಗೆ ಉಣಿಸಿದಾಗ ಅದು ಬಾಗಿತು. 1838ರಲ್ಲಿ ಡಚ್ ಸರ್ಕಾರ ತನ್ನ ಪೂರ್ವ ದ್ವೀಪಗಳ ಕಾಫಿ ತುಂಬಲು ಸೆಣಬಿನ ಚೀಲಗಳಿಗೆ ಬೇಡಿಕೆ ಇಟ್ಟಿತು. ಅಲ್ಲಿಂದ ಚೀಲಕ್ಕೆ ಮಾರುಕಟ್ಟೆ ಹುಟ್ಟಿತು. ಇವತ್ತಿಗೂ ಚಿಕ್ಕಮಗಳೂರು, ಕೊಡಗಿನ ಕಾಫಿ ಗೋಣಿಚೀಲದಲ್ಲೇ ಕ್ಯೂರಿಂಗ್ ವರ್ಕ್ಸಿಗೆ ಹೋಗುತ್ತದೆ.

1853ರಿಂದ 1856ರವರೆಗಿನ ಕ್ರಿಮಿಯಾ ಯುದ್ಧದಲ್ಲಿ ರಷ್ಯಾದ ಅಗಸೆ ನಾರು ಬರುವುದು ನಿಂತಾಗ ಡಂಡೀ ಹೆಚ್ಚು ಹೆಚ್ಚಾಗಿ ಸೆಣಬಿಗೆ ತಿರುಗಿತು. ಅಲ್ಲಿನ ಕ್ಯಾಂಪರ್‌ಡೌನ್ ಗಿರಣಿಯ 86 ಮೀಟರ್ ಎತ್ತರದ ಚಿಮಣಿ ಈಗಲೂ ನಿಂತಿದೆ. ಗಿರಣಿಗಳಲ್ಲಿ ದುಡಿದವರಲ್ಲಿ ಬಹುಪಾಲು ಹೆಂಗಸರು. ಮಗ್ಗಗಳ ಗದ್ದಲಕ್ಕೆ ಕಿವಿ ಕೆಟ್ಟು ಅವರು ತುಟಿಯ ಚಲನೆ ನೋಡಿ, ಕೈಸನ್ನೆಯಿಂದ ಮಾತಾಡಿಕೊಳ್ಳುತ್ತಿದ್ದರು. ಬಂಗಾಳದ ಹೊಂಡದಲ್ಲಿ ಕಾಲಿನ ಚರ್ಮ, ಡಂಡೀಯ ಗಿರಣಿಯಲ್ಲಿ ಕಿವಿ, ಹೀಗೆ ಒಂದೇ ನಾರು ಎರಡು ಕಡೆ ಮೈಯಿಂದಲೇ ಸುಂಕ ವಸೂಲು ಮಾಡಿತು.

1855ರಲ್ಲಿ ಜಾರ್ಜ್ ಆಕ್‌ಲ್ಯಾಂಡ್ ಎಂಬಾತ ಬಿಶ್ವಂಭರ ಸೇನ್ ಅವರ ಹಣದ ನೆರವಿನಿಂದ ಹೂಗ್ಲಿ ದಂಡೆಯ ರಿಶ್ರಾದಲ್ಲಿ ಭಾರತದ ಮೊದಲ ಸೆಣಬಿನ ಗಿರಣಿ ಹೂಡಿದ. ಇಪ್ಪತ್ತನೆಯ ಶತಮಾನ ಕಾಲಿಡುವ ಹೊತ್ತಿಗೆ ಕಲ್ಕತ್ತಾ ಡಂಡೀಯನ್ನು ಹಿಂದೆ ಹಾಕಿತ್ತು. ಮೊದಲ ಮಹಾಯುದ್ಧದ ಕಂದಕಗಳಿಗೆ ಮರಳಿನ ಚೀಲಗಳು ಕೋಟಿಗಟ್ಟಲೆ ಹೋದವು, ಗಿರಣಿಗಳ ಲಾಭ ಹಿಂದೆಂದೂ ಕಾಣದಷ್ಟು ಏರಿತು. ಹೊಂಡದ ಬಳಿಯ ರೈತನಿಗೂ ಗಿರಣಿಗೂ ನಡುವೆ ಫಾರಿಯಾ, ಬೇಪಾರಿ, ಆಡತ್‌ದಾರ ಎಂದು ಮಧ್ಯವರ್ತಿಗಳ ಮೆಟ್ಟಿಲ ಮೇಲೆ ಮೆಟ್ಟಿಲು. ಏರಿದ ದರ ಮೇಲಿನ ಮೆಟ್ಟಿಲಲ್ಲೇ ಉಳಿಯುತ್ತಿತ್ತು, ಇಳಿದ ದರ ಮಾತ್ರ ನೇರ ಕೆಳಕ್ಕೆ ಬರುತ್ತಿತ್ತು. 1930ರ ಆರ್ಥಿಕ ಕುಸಿತದಲ್ಲಿ ಸೆಣಬಿನ ದರ ನೆಲಕಚ್ಚಿದಾಗ ಬಂಗಾಳದ ರೈತ ಸಾಲದಲ್ಲಿ ಮುಳುಗಿದ. ಗಿರಣಿ ಕಾರ್ಮಿಕರ ಚರಿತ್ರೆಯನ್ನು ದೀಪೇಶ್ ಚಕ್ರವರ್ತಿಯವರಂಥ ವಿದ್ವಾಂಸರು ಆಳವಾಗಿ ಬರೆದಿದ್ದಾರೆ. ಕೊಳೆಹಾಕುವವರ ಚರಿತ್ರೆಯ ಮೇಲೂ ಅಷ್ಟೇ ಶ್ರದ್ಧೆಯ ಪುಸ್ತಕಗಳು ಬರಬೇಕು.

1947ರಲ್ಲಿ ದೇಶ ವಿಭಜನೆಯ ಗೆರೆ ಎಳೆದಾಗ ಗಿರಣಿಗಳೆಲ್ಲ ಪಶ್ಚಿಮದಲ್ಲಿ, ಒಳ್ಳೆಯ ಸೆಣಬಿನ ಹೊಲಗಳು ಬಹುಪಾಲು ಪೂರ್ವದಲ್ಲಿ ಉಳಿದವು. 1949ರ ಸೆಪ್ಟೆಂಬರಿನಲ್ಲಿ ಭಾರತ ರೂಪಾಯಿಯ ಬೆಲೆ ಇಳಿಸಿತು, ಪಾಕಿಸ್ತಾನ ಇಳಿಸಲಿಲ್ಲ. ಸೆಣಬಿನ ವ್ಯಾಪಾರ ಸ್ಥಗಿತಗೊಂಡಿತು. ಭತ್ತದ ನೆಲವನ್ನೂ ಸೆಣಬಿಗೆ ತಿರುಗಿಸಿ ಭಾರತ ಬೆಳೆ ಹೆಚ್ಚಿಸಿಕೊಂಡಿತು. ಅತ್ತ ಪೂರ್ವ ಪಾಕಿಸ್ತಾನದಲ್ಲಿ ತಮ್ಮ ಸೆಣಬಿನ ವಿದೇಶಿ ಹಣ ಪಶ್ಚಿಮಕ್ಕೆ ಹರಿಯುತ್ತಿದೆ ಎಂಬ ನೋವು ಬೆಳೆಯಿತು. 1966ರಲ್ಲಿ ಅಲ್ಲಿನ ನಾಯಕ ಶೇಖ್ ಮುಜೀಬರು ಮುಂದಿಟ್ಟ ಆರು ಅಂಶಗಳಲ್ಲಿ ವಿದೇಶಿ ವಿನಿಮಯದ ಲೆಕ್ಕ ಬೇರೆಯಾಗಿರಬೇಕು ಎಂಬುದೂ ಸೇರಿತ್ತು. ಮುಂದೆ ಅದೇ ನಾಡಿನಿಂದ ಹುಟ್ಟಿದ ಬಾಂಗ್ಲಾದೇಶದ ರಾಷ್ಟ್ರಲಾಂಛನದಲ್ಲಿ ಸೆಣಬಿನ ಮೂರು ಎಲೆಗಳಿವೆ. ಅವುಗಳ ಹಿಂದೆ ಇಷ್ಟು ದೊಡ್ಡ ಕಥೆಯಿದೆ.

ಆಮೇಲೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಬಂತು. ಹಗುರ, ಅಗ್ಗ, ವರ್ಷವಿಡೀ ಒಂದೇ ಗುಣ. ನಾರಾಯಣಗಂಜಿನ ದೊಡ್ಡ ಆದಂಜಿ ಗಿರಣಿ 2002ರಲ್ಲಿ ಮುಚ್ಚಿತು. ಭಾರತದಲ್ಲಿ 1987ರ ಕಾನೂನು ಸೆಣಬನ್ನು ಉಳಿಸಿತು. ಅದರ ಪ್ರಕಾರ ಸರ್ಕಾರ ಪ್ರಮಾಣ ನಿಗದಿ ಮಾಡುತ್ತದೆ. ಈಚಿನ ವರ್ಷಗಳಲ್ಲಿ ಆಹಾರಧಾನ್ಯ ಪೂರ್ತಿಯಾಗಿ, ಸಕ್ಕರೆ ಶೇಕಡಾ 20ರಷ್ಟು ಸೆಣಬಿನ ಚೀಲದಲ್ಲೇ ತುಂಬಬೇಕು ಎಂಬ ಆದೇಶವಿದೆ. ನಮ್ಮ ರಾಗಿ ಖರೀದಿ ಕೇಂದ್ರದಲ್ಲಿ ರೈತರು ಕಾಣುವ 50 ಕಿಲೊ ಗೋಣಿಚೀಲ 580 ಗ್ರಾಂ ತೂಗುತ್ತದೆ. ಅದಕ್ಕೆ ತನ್ನದೇ ಆದ ಯೋಗ್ಯತೆಯೂ ಉಂಟು. ಧಾನ್ಯದ ತೇವ ಹೊರಹೋಗುತ್ತದೆ. ನಾರು ಬಹಳ ಕಡಿಮೆ ಹಿಗ್ಗುವುದರಿಂದ ಚೀಲ ಆಕಾರ ಕೆಡುವುದಿಲ್ಲ. ಮೈ ಒರಟಾಗಿರುವುದರಿಂದ ಎತ್ತರಕ್ಕೆ ಒಟ್ಟಿದರೂ ಜಾರುವುದಿಲ್ಲ. ಕೊನೆಗೆ ಮಣ್ಣಾಗುತ್ತದೆ. ಆದರೂ ಕಾನೂನಿನ ಆಸರೆಯಲ್ಲಿ ಸಿಕ್ಕ ಈ ಕಾಲಾವಕಾಶವನ್ನು ನಾರಿನ ಗುಣ ಸುಧಾರಿಸಲು ಬಳಸಬೇಕಿತ್ತು. ಅದು ತೀರ ತಡವಾಯಿತು.

ಈಗ ನಮ್ಮ ನೆಲಕ್ಕೆ ಬರುತ್ತೇನೆ. ಬಂಗಾಳದ ಸೆಣಬು ಬರುವ ಮೊದಲೂ ನಮ್ಮಲ್ಲಿ ಗೋಣಿ ಇತ್ತು. ಅದನ್ನು ಅಪ್ಸೆಣಬಿನ ನಾರಿನಿಂದ ನೇಯುತ್ತಿದ್ದರು, ನೇಯುವುದೇ ಕಸುಬಾದ ಸಮುದಾಯಗಳಿದ್ದವು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ತಿರುಗಾಡಿದ ಫ್ರಾನ್ಸಿಸ್ ಬುಕಾನನ್ ಈ ಬೆಳೆಯನ್ನೂ ಗೋಣಿ ನೇಯುವವರನ್ನೂ ತನ್ನ ಬರಹದಲ್ಲಿ ದಾಖಲಿಸಿದ್ದಾನೆ. ಅಪ್ಸೆಣಬು ದ್ವಿದಳ ಜಾತಿ, ಗಾಳಿಯ ಸಾರಜನಕವನ್ನು ಮಣ್ಣಿಗೆ ಕೂಡಿಸುತ್ತದೆ. ಇಂದು ನಾವು ಅದರ ಆ ಗುಣವನ್ನಷ್ಟೇ ಉಳಿಸಿಕೊಂಡು ಹೂ ಬರುವ ಹೊತ್ತಿಗೆ ಉತ್ತುಬಿಡುತ್ತೇವೆ.

ಪುಂಡಿಯ ಕಥೆ ಇನ್ನೂ ಹತ್ತಿರದ್ದು. ಬಡಗಣ ಜಿಲ್ಲೆಗಳಲ್ಲಿ ಜೋಳದ ಹೊಲದ ಅಂಚಿಗೆ ಎರಡು ಸಾಲು ಪುಂಡಿ ಇರುತ್ತಿತ್ತು. ಎಳೆಯ ಎಲೆ ಪಲ್ಯಕ್ಕೆ. ಜೋಳದ ನುಚ್ಚು, ಕಡಲೆಬೇಳೆ ಹಾಕಿ ಕುದಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ರೊಟ್ಟಿಯ ಜೊತೆ ತಿನ್ನುವ ಆ ಹುಳಿ ಪಲ್ಯ ಈಗಲೂ ಉಳಿದಿದೆ. ಬಲಿತ ಕಾಂಡವನ್ನು ಸುಗ್ಗಿಯ ಆಸುಪಾಸಿನಲ್ಲಿ ಕೆರೆಗೆ ಹಾಕಿ, ನಾರು ತೆಗೆದು, ಮನೆಯ ಜಗಲಿಯ ಮೇಲೆ ಕೂತು ಹುರಿ ಹೊಸೆದು ಎತ್ತಿನ ಹಗ್ಗ, ಕರುವಿನ ಕಣ್ಣಿ, ಮಡಕೆ ತೂಗುಹಾಕುವ ನೆಲುವು ಮಾಡುತ್ತಿದ್ದ ರೂಢಿ ಮಾತ್ರ ಬಹುತೇಕ ಹೋಗಿದೆ. ನೈಲಾನ್ ಹಗ್ಗ ಬಂದದ್ದರಿಂದ ಹೋಯಿತು ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜ, ಆದರೆ ಪೂರ್ತಿ ನಿಜವಲ್ಲ. ಪುಂಡಿ ಬರ ತಡೆಯುವ ಬೆಳೆ, ಕಡಿಮೆ ಮಳೆಗೂ ಬರುತ್ತದೆ. ಕೊಯ್ಲಿಗೆ ಬರುವುದು ಅಕ್ಟೋಬರ್ ಕಳೆದ ಮೇಲೆ. ಅಷ್ಟು ಹೊತ್ತಿಗೆ ನಮ್ಮ ಕೆರೆಗಳಲ್ಲಿ ನೀರು ಇಳಿದಿರುತ್ತದೆ, ಚಳಿಗೆ ನೀರು ತಣ್ಣಗಾಗಿ ಕೊಳೆಯಲು ದಿನ ಹಿಡಿಯುತ್ತದೆ. ಬೆಳೆಯುವುದಕ್ಕೆ ಹೆಚ್ಚು ನೀರು ಬೇಡದ ಗಿಡ ನಾರಾಗುವುದಕ್ಕೆ ನೀರು ಕೇಳುತ್ತದೆ. ಇದೇ ಬೆಳೆಯನ್ನು ನಂಬಿಕೊಂಡಿದ್ದ ಆಂಧ್ರದ ಶ್ರೀಕಾಕುಳಂ, ವಿಜಯನಗರಂ ಕಡೆಯ ರೈತರಿಗೂ ಇದೇ ತೊಡಕು ಕಾಡಿದೆ.

ಎಲ್ಲ ನಾರಿಗೂ ಇಷ್ಟು ನೀರು ಬೇಕೆಂದಿಲ್ಲ. ಬಾಳೆಯ ನಾರನ್ನು ದಿಂಡಿನಿಂದ ಹೆರೆದು ತೆಗೆಯಬಹುದು. ಉಡುಪಿಯ ಶಂಕರಪುರದಲ್ಲಿ ಮಲ್ಲಿಗೆಯನ್ನು ಕಟ್ಟುವುದು ಬಾಳೆನಾರಿನಲ್ಲೇ. ಹೂ ಚೆಂಡು, ಅಟ್ಟೆಗಳ ಲೆಕ್ಕದಲ್ಲಿ ಮುಂಬೈಗೂ ಕೊಲ್ಲಿ ದೇಶಗಳಿಗೂ ಹೋಗುವಾಗ ನಾರೂ ಜೊತೆಗೆ ಹೋಗುತ್ತದೆ. ಹಂಪಿಯ ಎದುರು ದಡದ ಆನೆಗೊಂದಿಯಲ್ಲಿ ಕಿಷ್ಕಿಂಧಾ ಟ್ರಸ್ಟಿನ ಮೂಲಕ ಹೆಂಗಸರು ಬಾಳೆನಾರಿನಿಂದ ಚೀಲ, ಬುಟ್ಟಿ, ಚಾಪೆ ಹೆಣೆಯುತ್ತಾರೆ. ಅಲ್ಲಿ ನಾರು ತೆಗೆಯುವವರೂ ಹೆಣೆಯುವವರೂ ಮಾರುವವರೂ ಒಂದೇ ಊರಿನವರು. ಮೆಟ್ಟಿಲು ಕಡಿಮೆಯಾದಾಗ ಹಣ ಎಲ್ಲಿ ಉಳಿಯುತ್ತದೆ ಎಂದು ನೋಡಬೇಕಾದವರು ಅಲ್ಲಿಗೆ ಹೋಗಿ ನೋಡಬಹುದು.

ಇದರ ಜೊತೆಗೇ ಒಂದು ಎಚ್ಚರವನ್ನೂ ಹೇಳಬೇಕು. ಅಂಗಡಿಯಲ್ಲಿ ಬಿದಿರಿನ ಬಟ್ಟೆ ಎಂದು ನಯವಾದ ಅಂಗಿ ಮಾರುತ್ತಾರೆ. ಅದರಲ್ಲಿ ಬಹುಪಾಲು ಬಿದಿರನ್ನು ರಾಸಾಯನಿಕದಲ್ಲಿ ಕರಗಿಸಿ ಮತ್ತೆ ಎಳೆ ಮಾಡಿದ ವಿಸ್ಕೋಸ್, ಅಂದರೆ ರೇಯಾನಿನ ಜಾತಿಯದು. ರೇಯಾನಿನ ವಿಷಯದಲ್ಲಿ ಕರ್ನಾಟಕಕ್ಕೆ ಕಹಿ ಅನುಭವವಿದೆ. ಅದರ ತಿರುಳಿಗಾಗಿ ಹಳ್ಳಿಗಳ ಗೋಮಾಳ, ಬೇಣದ ಜಮೀನಿನಲ್ಲಿ ನೀಲಗಿರಿ ನೆಡಲು ಹೊರಟಾಗ ಹಾವೇರಿ ಸೀಮೆಯ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಜನ ಸೇರಿ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೋ ಹಚ್ಚಿಕೋ ಎಂದು ಆ ಸತ್ಯಾಗ್ರಹ ಹೆಸರಾಯಿತು. ಗಿಡದಿಂದ ಬಂದದ್ದು ಎಂದ ಮಾತ್ರಕ್ಕೆ ನಾರು ನಿರಪರಾಧಿಯಾಗುವುದಿಲ್ಲ. ಯಾರ ನೆಲ, ಯಾರ ನೀರು ಎಂದು ಕೇಳಲೇಬೇಕು.

ಸೆಣಬಿನ ಕೊಳೆಹಾಕುವಿಕೆಗೆ ದಾರಿಗಳು ಇಲ್ಲದೆ ಇಲ್ಲ. ಹಸಿ ತೊಗಟೆಯನ್ನು ಮೊದಲೇ ಪಟ್ಟಿಪಟ್ಟಿಯಾಗಿ ಸುಲಿದು ತೊಗಟೆಯನ್ನಷ್ಟೇ ಚಿಕ್ಕ ಹೊಂಡದಲ್ಲಿ ಹಾಕಿದರೆ ನೀರು ಬಹಳ ಉಳಿಯುತ್ತದೆ. ಬಂಗಾಳದ ಬ್ಯಾರಕ್‌ಪುರದಲ್ಲಿರುವ ಸೆಣಬು ಮತ್ತು ಸಂಬಂಧಿತ ನಾರುಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ ಅಂಟು ತಿನ್ನುವ ಬ್ಯಾಕ್ಟೀರಿಯಾಗಳನ್ನು ಆರಿಸಿ ಪುಡಿಯ ರೂಪದಲ್ಲಿ ಕೊಟ್ಟಿದೆ. ಅದನ್ನು ಜಾಕಿನ ಮೇಲೆ ಉದುರಿಸಿದರೆ ದಿನಗಳು ಇಳಿಯುತ್ತವೆ, ನಾರಿನ ಬಣ್ಣ ತಿಳಿಯಾಗುತ್ತದೆ, ದರ್ಜೆ ಏರುತ್ತದೆ. 2015ರಿಂದ ಜೂಟ್ ಐಕೇರ್ ಯೋಜನೆಯಲ್ಲಿ ಇದು ಹಳ್ಳಿಗಳಿಗೆ ಹೋಗುತ್ತಿದೆ. 2025-26ಕ್ಕೆ ಮೂರನೆಯ ದರ್ಜೆಯ ಕಚ್ಚಾ ಸೆಣಬಿಗೆ ಕ್ವಿಂಟಲಿಗೆ 5,650 ರೂಪಾಯಿ ಬೆಂಬಲ ಬೆಲೆ ನಿಗದಿಯಾಗಿತ್ತು. ಕೆಳದರ್ಜೆಯ ನಾರಿಗೆ ಅದಕ್ಕಿಂತ ಕಡಿಮೆ. ದರ್ಜೆ ನಿರ್ಧಾರವಾಗುವುದು ಹೊಂಡದಲ್ಲಿ ಎಂದಮೇಲೆ ಹೊಂಡಕ್ಕೂ ಬೆಂಬಲ ಬೇಕು. ಊರಿಗೊಂದು ಶುದ್ಧ ನೀರಿನ ಕೊಳೆಹಾಕುವ ಹೊಂಡ, ಇಳಿಯುವವರಿಗೆ ರಬ್ಬರಿನ ಬೂಟು, ಕೈಗವಸು, ನ್ಯಾಯವಾದ ಕೂಲಿ. ಗೋಣಿಚೀಲದ ಬೆಲೆಯಲ್ಲಿ ಇದರ ವೆಚ್ಚವೂ ಸೇರಲಿ ಎಂದು ಚೀಲ ಕೊಳ್ಳುವ ಸರ್ಕಾರಗಳು ಹೇಳಬೇಕು. ರಾಗಿ, ಜೋಳ, ಭತ್ತ ಕೊಳ್ಳುವ ನಮ್ಮ ರಾಜ್ಯವೂ ಅದರಲ್ಲಿ ಸೇರಿದೆ.

ನಮ್ಮಲ್ಲಿ ಒಣಭೂಮಿಯ ಹೊಲಗಳಲ್ಲಿ ಸಾವಿರಾರು ಕೃಷಿ ಹೊಂಡಗಳು ಬಂದಿವೆ. ಪುಂಡಿಯನ್ನು ಮುಂಗಾರಿಗೇ ಬಿತ್ತಿ, ಹೊಂಡದಲ್ಲಿ ನೀರಿರುವಾಗಲೇ ಕೊಯ್ದು, ತೊಗಟೆಯನ್ನಷ್ಟೇ ಪಕ್ಕದ ಚಿಕ್ಕ ಗುಂಡಿಯಲ್ಲಿ ಕೊಳೆಹಾಕಲು ಸಾಧ್ಯವೇ? ಹಾಗೆ ಬಳಸಿದ ನೀರನ್ನು ಹೊಲಕ್ಕೆ ಬಿಡಬಹುದೇ? ಬಿತ್ತನೆ ಮುಂದಕ್ಕೆ ತಂದರೆ ಎಲೆಯ ರುಚಿ, ನಾರಿನ ಬಲ ಏನಾಗುತ್ತದೆ? ಇವು ಕೂತು ಯೋಚಿಸಿ ಬಗೆಹರಿಯುವ ಪ್ರಶ್ನೆಗಳಲ್ಲ, ಹೊಲದಲ್ಲಿ ಎರಡು ಮೂರು ಹಂಗಾಮು ಮಾಡಿ ನೋಡಬೇಕಾದವು. ಸಭೆಯಲ್ಲಿ ಕೃಷಿ ವಿಜ್ಞಾನ ಓದುತ್ತಿರುವವರು ಹಲವರಿದ್ದೀರಿ. ನಿಮ್ಮಲ್ಲಿ ಒಬ್ಬರಾದರೂ ಪುಂಡಿಯ ಕೊಳೆಹಾಕುವಿಕೆಯನ್ನು ಸಂಶೋಧನೆಯ ವಿಷಯವಾಗಿ ಕೈಗೆತ್ತಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಬೀಜ ಕೇಳಿದರೆ ಕೊಡುವ ಅಜ್ಜಿಯರು ಬಡಗಣ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ.